ರಾಜಮಹ್ಮದ ಉಸ್ತಾದರ ಬೆಸುಗೆ

ಗೋವಾದ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ವೆಲ್ಡರ್ ಸಂಗಣ್ಣನ ಮನೆ ಯಾವುದೆಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಕುಷ್ಟಗಿ ಕಡೆಯಿಂದ ಬಂದ ಅವನಿಗೆ ಬೀಡು ಕಬ್ಬಿಣ ಒಲಿದಿತ್ತು. ಉಳಿದವರು ಮುಟ್ಟಲು ಹೆದರುವ ಲೋಹ ಅದು. ಅವಸರದಲ್ಲಿ ಕಾಯಿಸಿದರೂ ಸೀಳುತ್ತದೆ, ಅವಸರದಲ್ಲಿ ತಣಿಸಿದರೂ ಸೀಳುತ್ತದೆ. ಈ ಕೆಲಸ ಅವನಿಗೆ ಕಲಿಸಿದವರು ರಾಜಮಹ್ಮದ ಉಸ್ತಾದರು. ೨೦೦೩ರಲ್ಲಿ ಅವರು ಅದಿರು ಲಾರಿಯೊಂದರ ಕೆಳಗೆ ಮಲಗಿ, ತಾವೇ ಬೆಸೆದ ಜಾಗವನ್ನು ನೋಡುತ್ತಿದ್ದರು. ಬೆಸುಗೆ ಸೀಳಿ, ಜ್ಯಾಕ್ ಜಾರಿ, ಲಾರಿ ಅವರ ಎದೆಯ ಮೇಲೆ ಕೂತಿತು. ಸಂಗಣ್ಣ ಪಕ್ಕದಲ್ಲೇ ನಿಂತಿದ್ದ.

ಆರು ವರ್ಷದ ನಂತರ, ಬೇಸಿಗೆಯ ಒಂದು ಬೆಳಿಗ್ಗೆ, ಅವನು ದುಡಿಯುತ್ತಿದ್ದ ಗ್ಯಾರೇಜಿಗೆ ಲಾರಿ ಮಾಲೀಕನೊಬ್ಬ ಆಕ್ಸಲ್ ಹೌಸಿಂಗ್ ಒಂದನ್ನು ತಂದು ಇಳಿಸಿದ. ಲಾರಿಯ ಹಿಂದಿನ ಗಾಲಿಗಳ ಅಚ್ಚನ್ನು ಒಳಗಿಟ್ಟುಕೊಳ್ಳುವ, ನಡುವೆ ಹೊಟ್ಟೆ ಉಬ್ಬಿದ ಬೀಡಿನ ಕೊಳವೆ. ಗುಜರಿಯಲ್ಲಿ ಕೊಂಡದ್ದು. ಮೇಲೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರು. ಸ್ಪ್ರಿಂಗ್ ಕೂರಿಸಲು ಎರಡು ಬ್ರ್ಯಾಕೆಟ್ ಬೆಸೆದು ಕೊಡಬೇಕಿತ್ತು, ಅಷ್ಟೇ.

ಸಂಗಣ್ಣ ಅದನ್ನು ಇದ್ದಿಲ ಬೆಂಕಿಯ ಮೇಲೆ ನಿಧಾನವಾಗಿ ಕಾಯಿಸಿದ. ಬಣ್ಣ ಸುಟ್ಟು ಮಸಿಯಾಗಿ ಅಂಟಿಕೊಂಡಿತು. ನಿಕಲ್ ರಾಡ್ ಹಿಡಿದು ಬೆರಳುದ್ದ ಬೆಸೆಯುವುದು, ಸಣ್ಣ ಸುತ್ತಿಗೆಯಿಂದ ತಟ್ಟುವುದು, ಕಾಯುವುದು, ಮತ್ತೆ ಬೆಸೆಯುವುದು. ಸಂಜೆ ಅದನ್ನು ನಿಧಾನ ತಣಿಯಲೆಂದು ಸುಣ್ಣದ ಪುಡಿಯ ಗುಂಡಿಯಲ್ಲಿ ಹೂತು ಮನೆಗೆ ಹೋದ.

ಬೀಡು ತಣಿಯುವಾಗ ಟಿಣ್ ಎನ್ನುವುದು ಹೊಸದಲ್ಲ. ಆದರೆ ಮರುದಿನ ಹತ್ತು ಗಂಟೆಗೂ ಗುಂಡಿಯೊಳಗಿಂದ ಸದ್ದು ಬರುತ್ತಿತ್ತು. ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಗ್ಯಾರೇಜಿನ ಮೇಸ್ತ್ರಿ ಗಣಪ್ಪ, ಬಂದರಿನ ಗೂಡ್ಸ್ ಗಾಡಿಗೆ ನೆಲ ಅದುರುತ್ತಿದೆ ಎಂದ. ಗಾಡಿ ಹೋಗಿ ಮುಗಿದ ಮೇಲೂ ಸದ್ದು ಬಂತು.

ಸಂಗಣ್ಣ ಸುಣ್ಣದೊಳಗೆ ಕೈಯಿಟ್ಟ. ಕಬ್ಬಿಣ ಬಾವಿಯ ನೀರಿನಷ್ಟು ತಣ್ಣಗಿತ್ತು. ಬ್ರ್ಯಾಕೆಟ್‌ಗಳ ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಹೌಸಿಂಗನ್ನು ಮೇಲೆತ್ತಿ, ಹೊಟ್ಟೆಯ ಭಾಗದ ಮಸಿಯನ್ನು ಗ್ರೈಂಡರಿನಿಂದ ಉಜ್ಜಿದಾಗ ಅಡಿಯಲ್ಲೊಂದು ಹಳೆಯ ಬೆಸುಗೆ ಕಂಡಿತು. ಅದರ ಅಲೆಗಳೆಲ್ಲ ಎಡಕ್ಕೆ ವಾಲಿದ್ದವು. ಉಸ್ತಾದರ ಬಲಗೈ ಹೆಬ್ಬೆರಳು ಅರ್ಧವೇ ಇತ್ತು; ಹಾಗೆ ಎಡಕ್ಕೆ ವಾಲಿಸಿ ಬೆಸೆಯುವ ಇನ್ನೊಂದು ಕೈಯನ್ನು ಸಂಗಣ್ಣ ಕಂಡಿರಲಿಲ್ಲ. ಹೌಸಿಂಗಿನ ಹೊಟ್ಟೆಯನ್ನು ಉಸ್ತಾದರು ಬೆಸೆದದ್ದು ಒಂದೇ ಸಲ; ಅವರನ್ನು ಕೊಂದ ಲಾರಿಯ ಹೌಸಿಂಗ್ ಅದು.

ಅವನು ಕೈ ಕೂಡ ತೊಳೆಯದೆ ಹೋಗಿ, ಬಾಗಿಲಾಚೆಯಿಂದಲೇ ಕೂಗಿ ಉಸ್ತಾದರ ಹೆಂಡತಿ ರಹಿಮತಬಿಯವರನ್ನು ಕರೆತಂದ. ಅವರು ಗುಂಡಿಯ ಪಕ್ಕ ಕೂತು, ಆ ಬೆಸುಗೆಯ ಮೇಲೆ ಅಂಗೈಯಿಟ್ಟರು. ಮಧ್ಯಾಹ್ನದ ಬಿಸಿಲು, ಗ್ಯಾರೇಜಿನ ಕೆಲಸವೆಲ್ಲ ನಿಂತಿತ್ತು. ಎರಡು ಸಲ, ತಡೆದು ಇನ್ನೊಂದು ಸಲ. ರಹಿಮತಬಿ ತಲೆಯ ಮೇಲೆ ಸೆರಗೆಳೆದುಕೊಂಡರು.

"ಇವ್ರು ಮನಿಗೆ ಬಂದಾಗ ಹಿಂಗ ಬಾಗಲಾ ಬಡೀತಿದ್ರು," ಎಂದರು. ಅಂಗೈ ಹಿಂದಕ್ಕೆ ತೆಗೆದು, "ಇದನ್ನ ಯಾವ ಲಾರಿಗೂ ಹಾಕಬ್ಯಾಡ, ತಮ್ಮಾ," ಎಂದರು.

ಇನ್ನೊಬ್ಬರ ಮಾಲು ಎಂದು ಗಣಪ್ಪ ತಡೆಯಲು ಬಂದ. ಅಷ್ಟರಲ್ಲಿ ಸಂಗಣ್ಣ ದೊಡ್ಡ ಸುತ್ತಿಗೆ ಎತ್ತಿದ್ದ. ಮೂರನೆಯ ಏಟಿಗೆ ಹೌಸಿಂಗ್ ಎರಡಾಯಿತು. ಮುರಿದ ಮುಖವೆಲ್ಲ ಹಳೆಯ ತುಕ್ಕಿನಿಂದ ಕಪ್ಪಾಗಿತ್ತು; ಉಗುರಿನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟೇ ಲೋಹ ಅದನ್ನು ಹಿಡಿದಿಟ್ಟಿತ್ತು. ಜಗಳಕ್ಕೆ ಬಂದ ಮಾಲೀಕ ಅದನ್ನು ನೋಡಿ, ಮರುದಿನ ಹೊಸ ಹೌಸಿಂಗ್ ತಂದ. ಒಳಗಿನ ಬಿರುಕು ಬೆಳೆಯುವಾಗ ಸದ್ದಾಗಿರಬೇಕು ಎಂದು ಗಣಪ್ಪ ಎಲ್ಲರಿಗೂ ಹೇಳಿದ. ಇರಬಹುದು. ಆದರೆ ಎರಡು, ಆಮೇಲೆ ಒಂದು ಏಕೆ ಎಂದು ಕೇಳಿದರೆ ಅವನು ಮಾತು ತಿರುಗಿಸುತ್ತಿದ್ದ.

ಹೌಸಿಂಗ್ ಒಡೆದ ದಿನ ರಹಿಮತಬಿಯವರನ್ನು ಮನೆಗೆ ಬಿಡಲು ಹೋಗುವಾಗ, ಗುಡ್ಡದ ಮೆಟ್ಟಿಲ ಮೇಲೆ ಸಂಗಣ್ಣ ನಿಂತ.

"ಅಕ್ಕಾರ, ಅವರು ಹೋದ ದಿನಾನೂ ನನಗ ಈ ಸಪ್ಪಳಾ ಕೇಳಿತ್ರಿ. ಕಬ್ಬಿಣ ಆರಾಕತ್ತೈತಿ ಅಂತ ತಿಳಕೊಂಡು ಸುಮ್ಮನ ನಿಂತೆ."

ಅವರು ತಿರುಗಿ ನೋಡದೆ ನಾಲ್ಕು ಮೆಟ್ಟಿಲು ಹತ್ತಿದರು.

"ಅವರಿಗೂ ಕೇಳಿರತೈತಿ, ಸಂಗಣ್ಣ. ಅವರೂ ಹಂಗ ತಿಳಕೊಂಡಿರಬೇಕು. ಒಳಗ ಬಾ, ಚಾ ಕುಡದು ಹೋಗು."

ಉಸ್ತಾದರು ಹೋದ ಮೇಲೆ ಅವನು ಆ ಹೊಸ್ತಿಲು ದಾಟಿರಲಿಲ್ಲ. ಒಳಗೆ ಹೋಗಿ ಗೋಡೆಗೊರಗಿ ಕೂತ. ಕಪ್ಪು ಬಾಯಿಗೆ ಎತ್ತುವಾಗ ಚಹಾ ಅಂಗಿಯ ಮೇಲೆ ತುಳುಕಿತು, ರಹಿಮತಬಿ ಒರೆಸಲು ಬಟ್ಟೆ ಕೊಟ್ಟರು.