ಹನ್ನೆರಡು ಕಂತಿನ ಮಂಚ

ನಮ್ಮತ್ತೆಗೆ ನೆಲದಿಂದ ಏಳಲು ಆಗುತ್ತಿಲ್ಲ ಎಂದು ಮನೆಗೆಲ್ಲ ಗೊತ್ತಾದ ದಿನ ನಾನು ಮೊದಲ ಸಲ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅವರ ಮೈ ಮುಟ್ಟಿದ್ದು ಹಬ್ಬದ ದಿನ ಕಾಲಿಗೆ ಬೀಳುವಾಗ ಮಾತ್ರ. ಜಗಳ ಆಡುವಾಗಲೂ ಒಂದು ಅಂಕಣದಷ್ಟು ದೂರ ನಿಂತೇ ಆಡಿದವರು ನಾವು. ಎರಡು ಮಂಡಿಯೂ ಸವೆದಿವೆ, ಈ ವಯಸ್ಸಿಗೆ, ಈ ಸಕ್ಕರೆ ಕಾಯಿಲೆಗೆ ಆಪರೇಷನ್ ಬೇಡ, ನೆಲದ ಮೇಲೆ ಮಲಗುವುದನ್ನು ಬಿಡಿಸಿ ಎತ್ತರದ ಮಂಚ ಹಾಕಿಕೊಡಿ ಎಂದು ತಿಪಟೂರಿನ ಡಾಕ್ಟರು ಹೇಳಿ ಕಳಿಸಿದ್ದರು.

ಹೇಳುವುದೇನೋ ಸುಲಭ. ನಮ್ಮ ಮನೆಯಲ್ಲಿದ್ದ ಒಂದೇ ಮಂಚ ಮದುವೆಯಲ್ಲಿ ನನ್ನ ತವರಿನವರು ಕೊಟ್ಟದ್ದು, ಮೊಣಕಾಲೆತ್ತರವೂ ಇಲ್ಲ. ನನ್ನ ಗಂಡ ಅದರ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು, ದೊಡ್ಡ ಎಂಜಿನಿಯರಿನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅತ್ತೆ ಹತ್ತಿ ಕೂತು ನೋಡಿ, "ಹುಲ್ಲು ಹೇರಿದ ಗಾಡಿ ಮ್ಯಾಲೆ ಕೂರಿಸ್ದಂಗೈತೆ ಕಣ್ಲಾ" ಎಂದರು. ಮೂರನೆಯ ದಿನ ಮಧ್ಯಾಹ್ನ ಒಂದು ಕಾಲು ಇಟ್ಟಿಗೆಯಿಂದ ಜಾರಿ ಮಂಚ ವಾಲಿತು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಅತ್ತೆ ತಮ್ಮ ಚಾಪೆ, ದಿಂಬು ಹಿಡಿದು ನಡುಮನೆಯ ನೆಲಕ್ಕೇ ವಾಪಸು ಬಂದರು. ಆಮೇಲೆ ಯಾರು ಎಷ್ಟು ಹೇಳಿದರೂ ಆ ಮಂಚದ ಕಡೆ ತಿರುಗಿ ನೋಡಲಿಲ್ಲ.

ಅಲ್ಲಿಂದ ದಿನಕ್ಕೆ ಐದಾರು ಸಲ ನಾನು ಎತ್ತುವುದು, ಅವರು ಏಳುವುದು. ಹೊತ್ತು ಮೂಡುವ ಮುಂಚೆ ಒಂದು ಸಲ, ತಿಂಡಿಯಾದ ಮೇಲೆ ಒಂದು ಸಲ, ಹೀಗೆ. ಪ್ರತಿ ಸಲವೂ ಅವರು ಮುಖ ಗೋಡೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಒಬ್ಬರ ಕೈಯಿಂದ ಒಂದು ಲೋಟ ನೀರನ್ನೂ ಕೇಳಿ ಕುಡಿದವರಲ್ಲ ನಮ್ಮತ್ತೆ. ಒಂದು ದಿನ ನನ್ನ ಭುಜ ಹಿಡಿದು ನಿಂತವರು, "ಒಬ್ಳೇ ಎದ್ದು ನಿಲ್ಲೋ ಹಂಗಾದ್ರೆ ಸಾಕು ಕಣೇ, ಇನ್ನೇನೂ ಬ್ಯಾಡ ನಂಗೆ" ಎಂದರು. ಆ ಮಾತು ಕೇಳಿದ ಮೇಲೆ ಅನ್ನ ಬಡಿಸುವಾಗಲೂ ನನಗೆ ಮಂಚದ್ದೇ ಯೋಚನೆ.

ದುಡ್ಡಿರಲಿಲ್ಲವೇ ಎಂದರೆ ಇತ್ತು, ಅಟ್ಟದ ಮೇಲಿತ್ತು. ನಮ್ಮ ಕಂದಿಕೆರೆ ಕಡೆಯ ತೋಟದ ಮನೆಗಳಲ್ಲಿ ದುಡ್ಡು ಬ್ಯಾಂಕಿನಲ್ಲಿರುವುದಕ್ಕಿಂತ ಅಟ್ಟದಲ್ಲಿರುವುದೇ ಹೆಚ್ಚು. ಕೆಡವಿದ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಅಲ್ಲಾಡಿಸಿದರೆ ಒಳಗೆ ಗುಡುಗುಡು ಎಂದ ದಿನ ಅದು ಕೊಬ್ಬರಿ. ನನ್ನ ತವರು ಹುಳಿಯಾರಿನ ಆಚೆ, ರಾಗಿ ಹುರುಳಿಯ ಊರು. ಮದುವೆಯಾಗಿ ಬಂದ ಹೊಸದರಲ್ಲಿ ನನಗಿದು ನಂಬಲಿಕ್ಕೇ ಆಗಿರಲಿಲ್ಲ. ಬೆಂಕಿಯಿಲ್ಲ, ಬಿಸಿಲಿಲ್ಲ, ಯಾರ ಕೈಯೂ ಇಲ್ಲ, ಕತ್ತಲಲ್ಲಿ ಸಾವಿರಾರು ಕಾಯಿ ಸುಮ್ಮನೆ ಬಿದ್ದುಕೊಂಡು ಒಂದು ದಿನ ಬೇರೆಯೇ ಪದಾರ್ಥವಾಗಿ ಇಳಿಯುತ್ತವೆ. ಈಗಲೂ ಏಣಿ ಹತ್ತಿ ಆ ರಾಶಿಯ ಮುಂದೆ ತಲೆಯೆತ್ತಿದರೆ ನನ್ನ ಮೈ ಜುಮ್ಮೆನ್ನುತ್ತದೆ.

ಒಂದಷ್ಟು ಕಾಯನ್ನು ಮೊದಲೇ ಇಳಿಸಿ ಮಾರಿ ಮಂಚ ತಂದರಾಯಿತು ಎಂದು ನಮ್ಮ ಮನೆಯವರು ಒಂದು ಬೆಳಿಗ್ಗೆ ಸದ್ದಿಲ್ಲದೆ ಅಟ್ಟ ಹತ್ತಿದರು. ಒಂದು ಕಾಯಿ ತೆಗೆದು ಅಲ್ಲಾಡಿಸಿದರು. ಕೆಳಗೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅತ್ತೆ, "ಅದು ಬಾವಿ ಕಡೆ ಮರದ್ದು. ಇನ್ನೂ ನೀರೈತೆ, ಇಡ್ಲಾ ಅಲ್ಲೇ" ಎಂದರು. ಇವರು ಇನ್ನೊಂದು ಮೂಲೆಗೆ ಹೋಗಿ ಬೇರೆ ಕಾಯಿ ಅಲ್ಲಾಡಿಸಿದರು.

"ಅದೂ ಆಗಿಲ್ಲ ಬುಡು. ಐದು ತಿಂಗ್ಳು ಬೇಕು."

ಹಲಗೆಯ ಆಚೆ, ಸಿಪ್ಪೆಯ ಒಳಗೆ, ಚಿಪ್ಪಿನ ಒಳಗೆ ಒಂದು ಗುಟುಕು ನೀರು ಕುಲುಕಿದ ಸದ್ದು ಅದು. ಏಣಿಯ ಹತ್ತಿರವೇ ನಿಂತಿದ್ದ ನನಗೇ ಕೇಳಿಸಿರಲಿಲ್ಲ. ನಾನೂ ಇವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನೀರಿರುವಾಗ ಇಳಿಸಿದರೆ ಅದು ಬರೀ ಕಾಯಿ, ಕೊಬ್ಬರಿಯ ರೇಟೆಲ್ಲಿ, ಅದರ ರೇಟೆಲ್ಲಿ! ಅಟ್ಟ ಇಳಿಸಿದ ಮೇಲೆ ಮಂಚದ ಮಾತು, ಅಲ್ಲಿಯವರೆಗೂ ಯಾರೂ ಬಾಯಿ ಬಿಡಬೇಡಿ ಎಂದು ಅತ್ತೆ ತೀರ್ಮಾನ ಕೊಟ್ಟರು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗಿ ಬರುವಾಗ ದೊಡ್ಡ ರಸ್ತೆಯ ಫರ್ನಿಚರ್ ಅಂಗಡಿಯೊಂದರ ಮುಂದೆ ಬೋರ್ಡು ಕಂಡಿತು. ಬಡ್ಡಿ ಇಲ್ಲ, ಹನ್ನೆರಡು ಕಂತು, ಇಂದೇ ಮನೆಗೆ ಒಯ್ಯಿರಿ. ನಾನು ಆಟೋ ನಿಲ್ಲಿಸಿದೆ. ನೋಡೋದಕ್ಕೇನೂ ದುಡ್ಡು ಕೊಡಬೇಕಾಗಿಲ್ಲ ಎಂದು ತಾಯಿ ಮಗ ಇಬ್ಬರನ್ನೂ ಇಳಿಸಿದೆ. ಅತ್ತೆ ಮಗನ ತೋಳು ಹಿಡಿದು ಗೊಣಗುತ್ತಲೇ ಒಳಗೆ ಬಂದರು.

ಒಳಗೆ ಬೆಪ್ಪಾಗಿ ನಿಂತುಬಿಟ್ಟೆ. ನಮ್ಮೂರಿನವರೆಲ್ಲ ಬಂದು ಮಲಗಿದರೂ ಮಿಗುವಷ್ಟು ಮಂಚಗಳು, ಒಂದರ ಮೇಲೂ ಯಾರೂ ಮಲಗಿದ್ದಿಲ್ಲ. ಪ್ಲಾಸ್ಟಿಕ್ ಹೊದಿಕೆ ಹೊದ್ದ ಸೋಫಾಗಳು, ನನ್ನನ್ನು ಕಾಲಿನಿಂದ ತಲೆಯವರೆಗೂ ತೋರಿಸುವ ಕನ್ನಡಿಗಳು. ಅಂಗಡಿಯ ಹುಡುಗಿ ತಲೆಕಡೆಯ ನವಿಲಿನ ಕೆತ್ತನೆ ತೋರಿಸಿದಳು, ಕೆಳಗೆ ಹಾಸಿಗೆ ತುಂಬಿಡುವ ಪೆಟ್ಟಿಗೆ ತೋರಿಸಿದಳು. ಅತ್ತೆ ನವಿಲನ್ನೂ ನೋಡಲಿಲ್ಲ, ಪೆಟ್ಟಿಗೆಯನ್ನೂ ನೋಡಲಿಲ್ಲ. ಒಂದೊಂದರ ಮೇಲೂ ಕೂರುವುದು, ಏಳಲು ನೋಡುವುದು, ಆಗದೆ ನನಗೆ ಕೈ ಕೊಡುವುದು. ಎಲ್ಲವೂ ತಗ್ಗು. ಕೊನೆಗೆ ಮೂಲೆಯಲ್ಲಿ ಬೀರುವಿನ ಹಿಂದೆ ಎತ್ತರದ ಕಾಲಿನ ಬೋಳು ಮಂಚ ಒಂದಿತ್ತು.

"ಅದು ಹಳೇ ಮಾದರಿ ಅಜ್ಜಿ, ಯಾರೂ ಕೇಳಲ್ಲ" ಎಂದಳು ಹುಡುಗಿ.

ಅತ್ತೆ ಅದರ ಮೇಲೆ ಕೂತರು. ಎರಡು ಪಾದವೂ ನೆಲಕ್ಕೆ ಸರಿಯಾಗಿ ಊರಿದವು. ಪಕ್ಕದ ಪಟ್ಟಿಗೆ ಎರಡು ಅಂಗೈ ಒತ್ತಿ, ಒಂದು ಸಲ ಮುಂದಕ್ಕೆ ಬಾಗಿ, ಎದ್ದು ನಿಂತರು. ಯಾರ ಕೈಯೂ ಇಲ್ಲ. ನನ್ನ ಕೈ ರೂಢಿಯಂತೆ ಮುಂದೆ ಹೋದದ್ದು ಹಾಗೇ ಗಾಳಿಯಲ್ಲಿ ನಿಂತಿತು. ಅವರು ಮತ್ತೆ ಕೂತರು, ಮತ್ತೆ ಎದ್ದರು. ಮೂರನೆಯ ಸಲಕ್ಕೆ ಅವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ತುಂಟ ನಗು ಬಂತು. ನಾಲ್ಕನೆಯ ಸಲಕ್ಕೆ ನಮ್ಮ ಮನೆಯವರು ರಸ್ತೆಯಲ್ಲಿ ಏನೋ ಇರುವ ಹಾಗೆ ಆ ಕಡೆ ತಿರುಗಿ ಮೂಗು ಒರೆಸಿಕೊಂಡರು. ಒಬ್ಬ ಮನುಷ್ಯ ಕೂತಲ್ಲಿಂದ ಏಳುವುದು ಎಷ್ಟು ದೊಡ್ಡ ಸಂಗತಿ ಎಂದು ಆ ಅಂಗಡಿಯಲ್ಲಿ ನಿಂತು ನೋಡಿದೆ.

ಹುಡುಗಿ ಕಂತಿನ ವಿಚಾರ ಬಿಡಿಸಿ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಈಗ್ಲೇ ಕೈಮೇಲೆ ದುಡ್ಡು ಎಣಿಸಿದ್ರೆ ಎಷ್ಟಕ್ಕೆ ಕೊಡ್ತೀಯವ್ವಾ?" ಎಂದು ಕೇಳಿದರು. ಹುಡುಗಿ ಮಾಲೀಕರ ಮುಖ ನೋಡಿದಳು. ಅವರು ತಲೆ ಕೆರೆದುಕೊಂಡು ಬೆಲೆ ಇಳಿಸಿದರು. ಇಳಿಸಿದ ಮೊತ್ತವೂ ಸಣ್ಣದೇನಲ್ಲ.

"ಹಂಗಾದ್ರೆ ಬಡ್ಡಿ ಇಲ್ಲ ಅನ್ಬ್ಯಾಡಿ ಕಣಪ್ಪ. ಬಡ್ಡಿಗೆ ಬ್ಯಾರೆ ಅಂಗಿ ತೊಡಿಸಿ ಕೂರಿಸೀವಿ ಅನ್ರಿ."

ಮಾಲೀಕರೇ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಮಗನ ತೋಳು ಹಿಡಿದು ಹೊರಗೆ ನಡೆದರು. ಅಕ್ಷರ ಬಾರದ ಹೆಂಗಸು ಒಂದೇ ಪ್ರಶ್ನೆಯಲ್ಲಿ ಆ ಬೋರ್ಡನ್ನು ಕಿತ್ತು ಕೆಳಗಿಟ್ಟಿದ್ದರು. ನನಗೆ ಅವರ ಮೇಲೆ ಬೆರಗೂ ಆಯಿತು, ರೇಗಿಯೂ ಹೋಯಿತು.

ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ನಾನು ಶುರುಮಾಡಿದೆ. ನನ್ನ ಬಾಯಿ ನಮ್ಮ ಕೇರಿಯಲ್ಲೆಲ್ಲ ಹೆಸರುವಾಸಿ.

"ಆ ಹೆಚ್ಚಿನ ದುಡ್ಡು ಮಂಚಕ್ಕಲ್ಲ ಅತ್ತೆ, ಐದು ತಿಂಗ್ಳಿಗೆ. ಅಟ್ಟ ಇಳಿಯೋವರೆಗೂ ಐದು ತಿಂಗ್ಳು ನೀವು ದಿನಾ ಒಬ್ರೇ ಏಳ್ತೀರಲ್ಲ, ಅದಕ್ಕೆ. ಅಷ್ಟೂ ಬೆಲೆ ಇಲ್ವಾ ಅದಕ್ಕೆ?"

"ಒಂದು ಕಂತು ತಪ್ಪಿದ್ರೆ ದಂಡ ಹಾಕ್ತಾರೆ ಕಣೇ" ಎಂದರು ಇವರು. "ನಮಗೇನು ತಿಂಗ್ಳು ತಿಂಗ್ಳು ಸಂಬಳ ಬತ್ತದಾ? ತೋಟದ ದುಡ್ಡು ಬರೋದು ವರ್ಷಕ್ಕೊಂದು ಸಲ."

"ಡೈರಿ ದುಡ್ಡು ಬತ್ತದಲ್ಲ. ಎರಡು ಹಸ ಅವೆ. ಒಂದರ ಹಾಲು ಬತ್ತಿದ್ರೆ ಇನ್ನೊಂದು ಕರೀತದೆ. ಕಂತು ಹಾಲಿನ ದುಡ್ಡಲ್ಲಿ ನಾನು ಕಟ್ತೀನಿ, ನೀವು ಸುಮ್ನಿರಿ."

ಅತ್ತೆ ಟೀ ಮುಗಿಸುವವರೆಗೂ ನನ್ನನ್ನೇ ನೋಡುತ್ತಿದ್ದರು. ಲೋಟ ಕೆಳಗಿಟ್ಟು, "ಒಂದು ಕಂತಿಗೂ ಅಟ್ಟದಿಂದ ಒಂದು ಕಾಯಿ ಇಳೀಕೂಡದು. ಒಪ್ಪಿದ್ರೆ ನಡಿ ಒಳಕ್ಕೆ" ಎಂದರು. ವಾದದಲ್ಲಿ ಅತ್ತೆಯನ್ನು ಗೆದ್ದ ಸೊಸೆ ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು ಎಂದುಕೊಂಡು ಬೀಗಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದೆ.

ಒಳಗೆ ಇನ್ನೊಂದು ತೊಡಕು ಕಾದಿತ್ತು. ಕಂತಿನ ಸಾಲಕ್ಕೆ ಮೊದಲು ನಮ್ಮ ಮನೆಯವರ ಹೆಸರು ಹಾಕಿದರು. ಹುಡುಗಿಯ ಮೊಬೈಲು ಒಲ್ಲೆ ಎಂದಿತು. ಗೆಳೆಯನೊಬ್ಬನ ಬೈಕಿನ ಸಾಲಕ್ಕೆ ಜಾಮೀನು ಹಾಕಿದ್ದರಂತೆ, ಅವನು ಕಟ್ಟುವುದು ನಿಲ್ಲಿಸಿದ್ದನಂತೆ. ಇದು ನನಗೆ ಗೊತ್ತಾದದ್ದೂ ಆ ಅಂಗಡಿಯಲ್ಲೇ, ಅದರ ವಿಚಾರಣೆ ಮನೆಯಲ್ಲಿ ಬೇರೆಯಾಗಿ ನಡೆಯಿತು. ಅತ್ತೆಗೆ ವಯಸ್ಸು ಮೀರಿತ್ತು. "ಆಂಟಿ, ನಿಮ್ಮದು ನೋಡ್ಲಾ?" ಎಂದಳು ಹುಡುಗಿ. ನನಗೆ ನಗು ಬಂತು. ನನ್ನ ಹೆಸರಲ್ಲಿ ಜಮೀನಿಲ್ಲ, ಸಂಬಳವಿಲ್ಲ. ಆಧಾರ್ ನಂಬರು ಹೇಳಿದೆ, ಮೊಬೈಲಿಗೆ ಬಂದ ಅಂಕಿ ಹೇಳಿದೆ, ಫೋಟೋಗೆ ಮುಖ ಕೊಟ್ಟೆ. ಎರಡು ನಿಮಿಷವೂ ಆಗಲಿಲ್ಲ, ಹಸಿರು ಗುರುತು ಬಂತು.

"ನಿಮ್ದು ತುಂಬಾ ಚೆನ್ನಾಗೈತೆ ಆಂಟಿ. ಹಳೇ ಸಾಲ ಒಂದು ಸಲಾನೂ ತಪ್ಪಿಸಿಲ್ಲ ನೀವು" ಎಂದಳು.

ಹಸುಗಳಿಗೆಂದು ನಮ್ಮ ಹೆಂಗಸರ ಗುಂಪಿನಲ್ಲಿ ತೆಗೆದ ಸಾಲ ಅದು. ವಾರವಾರ ಕಟ್ಟಿದ್ದೆ. ಜ್ವರ ಬಂದಾಗ ಕಂಬಳಿ ಹೊದ್ದು ಹೋಗಿ ಕಟ್ಟಿದ್ದೆ, ತವರಲ್ಲಿ ಸಾವಾದ ವಾರ ಪಕ್ಕದ ಮನೆಯವಳ ಕೈಯಲ್ಲಿ ಕಳಿಸಿ ಕಟ್ಟಿದ್ದೆ. ಮನೆಯಲ್ಲಾಗಲಿ ಊರಲ್ಲಾಗಲಿ ಒಬ್ಬರೂ ಅದಕ್ಕೆ ಭೇಷ್ ಎಂದವರಿಲ್ಲ, ಅನ್ನಬೇಕು ಎಂದು ನನಗೂ ಅನ್ನಿಸಿರಲಿಲ್ಲ. ನನ್ನ ಮುಖವನ್ನೇ ನೋಡಿರದ ಯಾರೋ ಎಲ್ಲೋ ಕೂತು ಅದನ್ನೆಲ್ಲ ಒಂದೂ ಬಿಡದೆ ಬರೆದಿಟ್ಟುಕೊಂಡಿದ್ದರು. ಸ್ವಲ್ಪ ಭಯವೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ, ಈ ಲೋಕದಲ್ಲಿ ನಾನೂ ಒಬ್ಬಳು ಲೆಕ್ಕಕ್ಕೆ ಇದ್ದೇನಲ್ಲ ಎಂದು ಎದೆ ತುಂಬಿ ಬಂತು. ಅತ್ತೆ ಮಾಲೀಕರ ಕಡೆ ತಿರುಗಿ, "ನನ್ನ ಸೊಸೆ ಕಣಪ್ಪ" ಎಂದರು. ಆ ಮೂರು ಮಾತನ್ನು ಅವರು ಆ ದನಿಯಲ್ಲಿ ಅದಕ್ಕೆ ಮುಂಚೆ ಎಂದೂ ಆಡಿರಲಿಲ್ಲ.

ಮಾರನೆಯ ದಿನ ಸಂಜೆ ಗೂಡ್ಸ್ ಆಟೋದಲ್ಲಿ ಮಂಚ ಬಂತು. ನಡುಮನೆಯಲ್ಲಿ ಜೋಡಿಸಿ ಹಾಸಿಗೆ ಹಾಸಿದೆವು. ಅತ್ತೆ ಊಟ ಮಾಡಿ ಹೊಸ ಮಂಚದ ಮೇಲೆ ಮಲಗಿದರು.

ಬೆಳಿಗ್ಗೆ ರೂಢಿಯಂತೆ ಐದಕ್ಕೆ ಮುಂಚೆ ನನಗೆ ಎಚ್ಚರವಾಯಿತು. ಅವರನ್ನು ಎತ್ತಬೇಕು ಎಂದು ಎದ್ದು ಬಂದರೆ ಮಂಚ ಖಾಲಿ. ಹೊದಿಕೆ ಮಡಿಸಿಟ್ಟಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಓಡಿ ಹೋಗಿ ನೋಡಿದರೆ ಬಚ್ಚಲ ಒಲೆಯ ಮುಂದೆ ಅತ್ತೆ ನಿಂತಿದ್ದಾರೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ತೆಂಗಿನ ಮಟ್ಟೆಯನ್ನು ಒಲೆಗೆ ತಳ್ಳುತ್ತಿದ್ದಾರೆ. ಹಂಡೆಯ ನೀರು ಹೊಗೆಯಾಡುತ್ತಿತ್ತು.

"ಬಿದ್ದಿದ್ರೆ ಏನತ್ತೆ ಗತಿ? ಕರೀಬಾರದಾ ನನ್ನ?" ಎಂದು ಕೂಗಾಡಿದೆ.

"ಬೀಳ್ಲಿಲ್ವಲ್ಲ" ಎಂದರು ತಣ್ಣಗೆ. "ಬಾ, ನೀರು ಕಾದೈತೆ. ಸೊಂಟಕ್ಕೆ ಹುಯ್ತೀನಿ, ಕೂತ್ಕ."

ಅವರನ್ನು ಎತ್ತಿ ಎತ್ತಿ ಬಂದಿದ್ದ ನನ್ನ ಸೊಂಟದ ನೋವು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆಯ ಕಿವಿಗೆ ಬೀಳುತ್ತದೆ, ಆಮೇಲೆ ಅವರು ನನ್ನ ಕೈಯಿಂದ ಏಳುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತಾರೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

"ನಿಮಗ್ಯಾರು ಹೇಳಿದ್ರು ಅತ್ತೆ?"

"ಯಾರು ಹೇಳ್ಬೇಕು? ನನ್ನ ಎತ್ತುವಾಗೆಲ್ಲ ನಿನ್ನ ಉಸಿರು ನನ್ನ ಕಿವಿ ಹತ್ರಾನೇ ಇರ್ತಿತ್ತಲ್ಲೇ" ಎಂದರು. "ಐದು ತಿಂಗ್ಳು ನಾನೇನೋ ತಡೀತಿದ್ದೆ. ನೀನು ತಡೀತಿರ್ಲಿಲ್ಲ. ಅದಕ್ಕೇ ಅಂಗಡಿ ಒಳಕ್ಕೆ ನಡಿ ಅಂದಿದ್ದು."

ನಾನು ಬಚ್ಚಲ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತೆ. ಕಣ್ಣೀರು ಸುರಿಯುತ್ತಿತ್ತು, ಅಡಗಿಸಲು ಹೋಗಲಿಲ್ಲ. ನಮ್ಮತ್ತೆ ಯಾರ ಆಸರೆಯೂ ಇಲ್ಲದೆ ನನ್ನ ಹಿಂದೆ ನಿಂತು, ಚೊಂಬಿನಲ್ಲಿ ಬಿಸಿನೀರು ಮೊಗೆದು ಮೊಗೆದು ನನ್ನ ಸೊಂಟಕ್ಕೆ ಹುಯ್ದರು.