ಮೇಯರ್ ಮೆಚ್ಚಿದ ನನ್ನ ಜಪಾನಿ

ಹಿರೋಷಿಮಾ ಪಕ್ಕದ ಸಣ್ಣ ಊರೊಂದರಲ್ಲಿ, ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ನನಗೆ ಕೆಲಸ. ವಿಳಾಸ ಬದಲಿಸಲು ನಗರಸಭೆಗೆ ಹೋದರೆ, ಮೊನ್ನೆಮೊನ್ನೆಯವರೆಗೂ ಮೇಯರ್ ಕಾರ್ಯದರ್ಶಿಯಾಗಿದ್ದ ಓಗಾವಾ-ಸಾನ್ ಮೂಲೆಯ ಕೌಂಟರಿನಲ್ಲಿ ಕೂತಿದ್ದರು. ಮೇಯರ್ ಹೆಂಗಸರ ಜೊತೆ ಅಸಭ್ಯವಾಗಿ ನಡೆದುಕೊಳ್ಳುತ್ತಾರೆ ಎಂದು ಸಭೆಯ ಸದಸ್ಯರ ಮುಂದೆ ಹೇಳಿದ್ದೇ ಆಕೆಯ ತಪ್ಪು. ಅದನ್ನು ಕೇಳಿ ಸಭೆ ಅವಿಶ್ವಾಸ ಗೊತ್ತುವಳಿ ಅಂಗೀಕರಿಸಿತು. ಮೇಯರ್ ರಾಜೀನಾಮೆ ಕೊಡಲಿಲ್ಲ. ಕಾನೂನು ಕೊಟ್ಟ ಅಧಿಕಾರ ಬಳಸಿ ಸಭೆಯನ್ನೇ ವಿಸರ್ಜಿಸಿದರು. ಪ್ರಶ್ನೆ ಕೇಳಿದವರು ಮನೆಗೆ, ಉತ್ತರ ಕೊಡಬೇಕಾದವರು ಕುರ್ಚಿಯಲ್ಲೇ!

“ಸುಮಿಮಾಸೆನ್, ನಮ್ಮೂರಿನಿಂದ ನಿಮಗೂ ಮುಜುಗರ,” ಎಂದು ಓಗಾವಾ-ಸಾನ್ ತಲೆಬಾಗಿದರು.

“ನೀವ್ಯಾಕೆ ಕ್ಷಮೆ ಕೇಳ್ತೀರಿ?” ಎಂದೆ.

ಮರುದಿನ ಬೆಳಿಗ್ಗೆ ಸ್ಟೇಷನ್ ಎದುರು ಅದೇ ಮೇಯರ್ ಹೊಸ ಸಭೆಯ ಚುನಾವಣೆಗೆ ನಿಂತ ತಮ್ಮ ಕಡೆಯ ಅಭ್ಯರ್ಥಿಗಳ ಪರವಾಗಿ ಎಲ್ಲರ ಕೈ ಕುಲುಕುತ್ತಿದ್ದರು. ನನ್ನತ್ತಲೂ ಕೈ ಚಾಚಿದರು. ನನಗೆ ಇಲ್ಲಿ ವೋಟಿಲ್ಲ, ಆದರೆ ಬಾಯಿದೆಯಲ್ಲ!

“ಓಗಾವಾ-ಸಾನ್ ಹತ್ತಿರ ಕ್ಷಮೆ ಕೇಳಿದ್ರಾ?” ಎಂದು ಹರಕುಮುರುಕು ಜಪಾನಿಯಲ್ಲಿ ಗಟ್ಟಿಯಾಗಿಯೇ ಕೇಳಿದೆ. ಸುತ್ತಲಿದ್ದವರು ತಿರುಗಿ ನೋಡಿದರು. ಮೇಯರ್ ಮುಖದ ನಗು ಮಾತ್ರ ಕದಲಲಿಲ್ಲ.

“ನಿಮ್ಮ ಜಪಾನಿ ತುಂಬಾ ಚೆನ್ನಾಗಿದೆ!” ಎಂದು ಹೇಳಿ ಪಕ್ಕದವರ ಕೈ ಹಿಡಿದರು.

ಹೊಸದಾಗಿ ಗೆದ್ದುಬಂದ ಸಭೆಯೂ ಮೊದಲ ದಿನವೇ ಅವಿಶ್ವಾಸ ತೋರಿತು. ಕಾನೂನಿನಂತೆ ಎರಡನೇ ಸಲ ವಿಸರ್ಜಿಸುವ ಹಾಗಿಲ್ಲ, ಮೇಯರ್ ಕುರ್ಚಿ ಹೋಯಿತು. ಆದರೂ ಓಗಾವಾ-ಸಾನ್ ಇನ್ನೂ ಅದೇ ಮೂಲೆಯಲ್ಲಿದ್ದಾರೆ. ಅವರ ಬಳಿ ಯಾರೂ ಕ್ಷಮೆ ಕೇಳಿಲ್ಲ. ರೈಲು ಒಂದು ನಿಮಿಷ ತಡವಾದರೆ ಮೈಕಿನಲ್ಲಿ ಮೂರು ಸಲ ಕ್ಷಮೆ ಕೇಳುವ ದೇಶ ಇದು.