ಮರಕ್ಕೆ ಮರಳಿದ ತೆಂಗಿನಕಾಯಿ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ತೆಂಗಿನಕಾಯಿ ಇನ್ನೂ ಬೀಳುತ್ತಲೇ ಇದೆ. ಗುಬ್ಬಿಯಲ್ಲಿ ಅದು ಬಿದ್ದು ವಾರವಾಯಿತು. ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಮಾತ್ರ ಕಾಫಿಗೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ ಬೀಳುತ್ತದೆ. ಬೀಳಿಸುವವನು ನಾನೇ.

ಅಂದು ಗುಬ್ಬಿಯ ದೊಡ್ಡಮ್ಮನ ಮನೆಯಲ್ಲಿ ಅವರ ಮೊಮ್ಮಗಳ ಹುಟ್ಟುಹಬ್ಬ. ನೆಂಟರಿಗೆಲ್ಲ ವಿಡಿಯೊ ಮಾಡಿಕೊಡುವ ಪುಕ್ಕಟೆ ಕಲಾವಿದ ನಾನು. ತೆಂಗಿನ ಗೊನೆಯವರೆಗೂ ಕಾಣಲಿ ಎಂದು ಮೊಬೈಲನ್ನು ದೂರದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ್ದೆ. ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದೊಡ್ಡಮ್ಮ ಮೊಬೈಲಿನತ್ತ ನೋಡಿ ಮಗುವನ್ನು ನಗುನಗುತ್ತಾ ಹರಸುತ್ತಿದ್ದರು. ಆಗ ಕುಣಿಗಲ್ಲಿನಿಂದ ಬಂದ ಅವರ ನಾದಿನಿ ಕಮಲಮ್ಮ ಸ್ವಲ್ಪ ದೂರದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಯಾವುದೋ ಕಾಲದಲ್ಲಿ ಕಮಲಮ್ಮ ದೊಡ್ಡಮ್ಮನ ಸಾರನ್ನು ಸಪ್ಪೆ ಎಂದಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡಮ್ಮ ಮುಖ ಗಂಟಿಕ್ಕಿ ದಡಕ್ಕನೆ ಎದ್ದರು. "ಅಲ್ಲಾಡಬೇಡಿ ದೊಡ್ಡಮ್ಮ!" ಎಂದು ಕೂಗಿದೆ. ಅವರು ಒಂದೆರಡು ಹೆಜ್ಜೆ ಇಟ್ಟಿರಬೇಕು, ಖಾಲಿ ಕುರ್ಚಿಯ ಮೇಲೆ ಕಾಯಿ ಬಿತ್ತು. ಕುರ್ಚಿ ಎರಡು ಹೋಳಾಯಿತು.

ತೆಂಗಿನಕಾಯಿಗೆ ಕಣ್ಣಿದೆ, ಅದು ಮನುಷ್ಯರ ತಲೆಯ ಮೇಲೆ ಬೀಳುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಮೂರು ಕಣ್ಣೂ ಸಿಪ್ಪೆಯ ಒಳಗಿವೆ ಎಂಬುದು ಬಿ.ಎಸ್ಸಿ. ಓದಿದ ನನಗೂ ಅಂದಿನವರೆಗೆ ಹೊಳೆದಿರಲಿಲ್ಲ.

ಹಿಂದೆ ಕಾಲವನ್ನು ತಡೆಯಲು ಸೂರ್ಯನನ್ನೇ ಹುಟ್ಟಬೇಡ ಎನ್ನುವ ಪತಿವ್ರತೆ ಬೇಕಿತ್ತಂತೆ. ಈಗ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಸಾಕು. ಮೊದಲು ಸ್ಲೋ ಮೋಷನ್ ಹಾಕಿದೆ. ಕಾಯಿ ಹೂವಿನಂತೆ ಇಳಿಯಿತು. "ಅಲ್ಲಾಡಬೇಡಿ" ಎಂಬ ನನ್ನ ದನಿ ಮುದಿ ಎಮ್ಮೆಯ ಕೂಗಾಯಿತು. ನಡುವೆ ನಿಲ್ಲಿಸಿದೆ: ಕಾಯಿ ಗಾಳಿಯಲ್ಲಿ, ದೊಡ್ಡಮ್ಮನ ಸೆರಗು ಇನ್ನೂ ಕುರ್ಚಿಯ ಕೈಯ ಮೇಲೆ. ಆದದ್ದು ಆಗದಂತಾಗಲಿ ಎಂದು ರಿವರ್ಸ್ ಹಾಕಿದೆ. ಹೋಳುಗಳು ಕೂಡಿ ಕುರ್ಚಿಯಾದವು. ಕಾಯಿ ಹಾರಿ ಗೊನೆ ಸೇರಿತು. ಉಸಿರು ಬಿಡುವಷ್ಟರಲ್ಲಿ ದೊಡ್ಡಮ್ಮ ಹಿಂದಹಿಂದಕ್ಕೆ ನಡೆದು ಬಂದು ಅದೇ ಕಾಯಿಯ ಕೆಳಗೆ ಕೂತುಬಿಟ್ಟರು. ನಗುತ್ತಾ! ಚೀರಿ ಲ್ಯಾಪ್‌ಟಾಪ್ ಮುಚ್ಚಿದೆ. ಕಾಲ ಹಿಂದಕ್ಕೆ ಹೋದರೆ ಒಳ್ಳೆಯದೇ ಆಗುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದೆ.

ಮುನಿಸುಗಳನ್ನು ಕತ್ತರಿಸುವುದು ನನ್ನ ಪದ್ಧತಿ. ಹಬ್ಬದ ವಿಡಿಯೊಗಳಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರಲ್ಲ, ಅದೆಲ್ಲ ನನ್ನಂಥವರ ಕೈಚಳಕ. ಈ ಸಲ ಕೈ ಏಳಲಿಲ್ಲ. ಆ ಗಂಟುಮುಖವನ್ನು ತೆಗೆದರೆ ದೊಡ್ಡಮ್ಮನೇ ಉಳಿಯುವುದಿಲ್ಲ.

ಭಾನುವಾರ ಗುಬ್ಬಿಯಿಂದ ಒಬ್ಬರು, ಕುಣಿಗಲ್ಲಿನಿಂದ ಒಬ್ಬರು ವಿಡಿಯೊ ನೋಡಲು ಬಂದರು.

"ನೋಡಿದ್ರಾ ಅತ್ತಿಗೆ? ನಾನು ಬಂದು ಕೂರ್ದೆ ಇದ್ದಿದ್ರೆ ಇಷ್ಟೊತ್ಗೆ ನಿಮ್ ಫೋಟೋಗೆ ಹಾರ ಬಿದ್ದಿರೋದು" ಎಂದರು ಕಮಲಮ್ಮ.

"ಎದ್ದಿದ್ದು ನಾನು ಕಣೇ! ನಿಂದೇನು ಹೆಚ್ಚುಗಾರಿಕೆ?" ಎಂದ ದೊಡ್ಡಮ್ಮ ನನ್ನತ್ತ ತಿರುಗಿದರು. "ಇನ್ನೊಂದ್ಸಲ ಹಾಕು ಕಣ್ಲಾ. ನಿಧಾನಕ್ಕೆ."

ಅಂತೂ ಮಾತು ಶುರುವಾಗಿತ್ತು. ಒಂದೇ ಸೋಫಾದಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಇಬ್ಬರಲ್ಲಿ ಒಬ್ಬರೂ ಏಳುವ ಲಕ್ಷಣವಿರಲಿಲ್ಲ. ಸಂತೋಷಪಡಬೇಕಾದ ನಾನು ಮೆಲ್ಲಗೆ ತಲೆಯೆತ್ತಿ, ಅವರ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ.